ಹಾಲ್‌ನಲ್ಲಿ ಮಲಗುವವರ ನಿದ್ದೆ ಕೆಡಿಸದ ಕಂಪ್ಯೂಟರ್: ಕಡಿಮೆ ಖರ್ಚಿನಲ್ಲಿ ಸದ್ದಡಗಿಸುವ ಸಮಗ್ರ ಮಾರ್ಗದರ್ಶಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಒಂದೇ ಬೆಡ್‌ರೂಮು. ಒಳಗೆ ಮಗಳು ಹತ್ತನೆಯ ಬೋರ್ಡ್ ಪರೀಕ್ಷೆಗೆ ಓದುತ್ತಾಳೆ. ಹಾಲ್‌ನ ದಿವಾನದ ಮೇಲೆ ಅಮ್ಮ ಮಲಗುತ್ತಾರೆ. ಅದೇ ಹಾಲ್‌ನ ಶೋಕೇಸಿನಲ್ಲಿ ಟಿವಿ, ಟಿವಿಯ ಕೆಳಗೆ ಕಂಪ್ಯೂಟರು. ಸಿನಿಮಾ, ಹಾಡು, ಊರಿನಿಂದ ತಂದ ಹಳೆಯ ಯಕ್ಷಗಾನದ ಕ್ಯಾಸೆಟ್‌ಗಳಿಂದ ಇಳಿಸಿಟ್ಟ ರೆಕಾರ್ಡಿಂಗುಗಳು, ಎಲ್ಲವೂ ಆ ಒಂದು ಪೆಟ್ಟಿಗೆಯಲ್ಲಿ. ರಾತ್ರಿ ಹತ್ತರ ಮೇಲೆ ಅಮ್ಮ ಸಣ್ಣ ದನಿಯಲ್ಲಿ ಪ್ರಸಂಗ ಹಚ್ಚಿಕೊಂಡು ಕೇಳುತ್ತಾರೆ. ಒಂದು ರಾತ್ರಿ ಭಾಗವತರು ಪದ ಎತ್ತುವ ಮೊದಲು ಶ್ರುತಿಗೆ ನಿಂತಾಗ ಅಮ್ಮ ಕೇಳಿದರು: "ಅದೆಂತ ಮಗಾ, ಗುಂಯ್ ಅಂಬುದ್? ಇನ್ನೊಂದ್ ಶ್ರುತಿ ಪೆಟ್ಟಿಗೆಯಾ?"

ಅದು ಹಾರ್ಡ್ ಡಿಸ್ಕ್. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸಲ ಸುತ್ತುತ್ತದೆ, ಆದ್ದರಿಂದ 120 ಹರ್ಟ್ಸ್‌ನ ಒಂದು ಸ್ವರವನ್ನು ಬಿಡದೆ ಹಾಡುತ್ತಿರುತ್ತದೆ. ಮರದ ಶೋಕೇಸು ಆ ಸ್ವರವನ್ನು ವೀಣೆಯ ಬುರುಡೆಯಂತೆ ಹಿಗ್ಗಿಸುತ್ತದೆ. ಭಾಗವತರ ಶ್ರುತಿ ಒಂದು, ಡಿಸ್ಕಿನ ಶ್ರುತಿ ಇನ್ನೊಂದು. ಹಾಡು ಗೊತ್ತಿರುವ ಕಿವಿಗೆ ಇದು ದೊಡ್ಡ ಹಿಂಸೆ.

ಆಮೇಲಿನ ಎರಡು ತಿಂಗಳಲ್ಲಿ ಬಿಡುವಾದಾಗಲೆಲ್ಲ ಈ ಪೆಟ್ಟಿಗೆಯನ್ನು ಬಿಚ್ಚಿ ಕಟ್ಟಿ ನಾನು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಒಟ್ಟು ಖರ್ಚಾದದ್ದು 5,000 ರೂಪಾಯಿಯ ಒಳಗೆ. ಅದರಲ್ಲಿ ಅರ್ಧ ಕೆಲಸಕ್ಕೆ ಒಂದು ಪೈಸೆಯೂ ಬೇಕಾಗಲಿಲ್ಲ. ದಯವಿಟ್ಟು ಕ್ರಮ ತಪ್ಪಿಸಬೇಡಿ. ಹೆಚ್ಚಿನವರು ಮೊದಲು ಹೊಸ ಫ್ಯಾನ್ ಕೊಳ್ಳಲು ಓಡುತ್ತಾರೆ. ಫ್ಯಾನ್ ಕೊಳ್ಳುವುದು ನಾಲ್ಕನೆಯ ಹೆಜ್ಜೆ.

1. ಕೂಗುತ್ತಿರುವುದು ಯಾವುದು, ಮೊದಲು ಕಂಡುಹಿಡಿಯಿರಿ

ಡೆಸಿಬೆಲ್ಲನ್ನು ನಾವು ರೂಪಾಯಿ ಕೂಡಿಸಿದಂತೆ ಕೂಡಿಸಲಾಗದು. 30 ಡೆಸಿಬೆಲ್‌ನ ಎರಡು ಫ್ಯಾನ್ ಒಟ್ಟಿಗೆ ತಿರುಗಿದರೆ ಆಗುವುದು 33. ಒಂದು 40, ಇನ್ನೊಂದು 30 ಇದ್ದರೆ ಒಟ್ಟು 40.4 ಅಷ್ಟೇ. ಅಂದರೆ 30ರ ಫ್ಯಾನನ್ನು ಪೂರ್ತಿ ಕಿತ್ತೆಸೆದರೂ ನಿಮ್ಮ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ದೊಡ್ಡ ದನಿಯನ್ನು ಮೊದಲು ಅಡಗಿಸಬೇಕು. ಅದು ಇಳಿದ ಮೇಲೆ ಎರಡನೆಯದು ತಾನಾಗಿ ಮೇಲೆ ಬರುತ್ತದೆ.

ರಾತ್ರಿ ಹನ್ನೊಂದರ ಮೇಲೆ, ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಂಪ್ಯೂಟರಿನಲ್ಲಿ ಸಿನಿಮಾ ಹಚ್ಚಿ ದನಿಯನ್ನು ಸೊನ್ನೆಗಿಳಿಸಿ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆಯಿರಿ. ಗಿಫ್ಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆ ಸಿಕ್ಕರೆ ಅದರ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಭಾಗದ ಹತ್ತಿರ. ಡಾಕ್ಟರರ ಸ್ಟೆತಾಸ್ಕೋಪಿನ ಕೆಲಸವನ್ನು ಅದು ಮಾಡುತ್ತದೆ. ಫ್ಯಾನಿನ ರೆಕ್ಕೆಗೆ ತಾಗಿಸಬೇಡಿ.

ಅನುಮಾನ ಉಳಿದರೆ ಪೆನ್ಸಿಲಿನ ಹಿಂಬದಿಯ ರಬ್ಬರನ್ನು ಫ್ಯಾನಿನ ನಡುವಿನ ಗುಂಡಿಗೆ ಮೆಲ್ಲಗೆ ಒತ್ತಿ ಮೂರು ಸೆಕೆಂಡು ನಿಲ್ಲಿಸಿ. ರೆಕ್ಕೆಗೆ ಬೆರಳಾಗಲಿ ಪೆನ್ಸಿಲಾಗಲಿ ಬೇಡ. ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಕೊಡುವ ತಗಡಿನ ಡಬ್ಬಿ) ಒಳಗಿನ ಫ್ಯಾನಿಗಂತೂ ಏನನ್ನೂ ತೂರಿಸಬೇಡಿ. ನಿಲ್ಲಿಸಿದೊಡನೆ ಸದ್ದು ಇಳಿಯಿತೆಂದರೆ ಕಳ್ಳ ಸಿಕ್ಕ.

ಸದ್ದಿನ ಬಗೆಯೂ ಗುರುತು ಹೇಳುತ್ತದೆ. ಸೋಂಯ್ ಎಂದು ಗಾಳಿ ಬೀಸಿದಂತಿದ್ದರೆ ಫ್ಯಾನಿನ ವೇಗ ಹೆಚ್ಚು. ಕಿರ್ ಕಿರ್, ಟಕ ಟಕ ಎಂದರೆ ಫ್ಯಾನಿನ ಬೇರಿಂಗ್ ಒಣಗಿದೆ. ಗುಂಯ್ ಎಂದು ಏರಿಳಿತವಿಲ್ಲದೆ ಬಂದು, ಶೋಕೇಸಿನ ಮೇಲೆ ಅಂಗೈ ಇಟ್ಟರೆ ನಡುಕ ತಿಳಿದರೆ ಹಾರ್ಡ್ ಡಿಸ್ಕ್. ಸೊಳ್ಳೆಯಂತೆ ಸಣ್ಣಗೆ ಕೀಂ ಎಂದು, ಪರದೆಯ ಮೇಲಿನ ಚಿತ್ರ ಬದಲಾದಂತೆ ಅದೂ ಬದಲಾದರೆ ಅದು ವಿದ್ಯುತ್ ಕಾಯಿಲ್‌ಗಳ ಕೀರಲು.

ಮೊಬೈಲಿನ ಡೆಸಿಬೆಲ್ ಆ್ಯಪ್ ತೋರಿಸುವ ಅಂಕಿಯನ್ನು ನಿಜವೆಂದು ನಂಬಬೇಡಿ. ಅಷ್ಟು ಸಣ್ಣ ಸದ್ದನ್ನು ಅಳೆಯುವ ಶಕ್ತಿ ಅದರ ಮೈಕಿಗಿಲ್ಲ. ಆದರೆ ಅದೇ ಮೊಬೈಲು, ಅದೇ ಜಾಗ, ಅದೇ ಹೊತ್ತು ಎಂದಿಟ್ಟುಕೊಂಡರೆ ನಿನ್ನೆಗಿಂತ ಇಂದು ಇಳಿಯಿತೋ ಇಲ್ಲವೋ ಎಂದು ಹೋಲಿಸಲು ಸಾಕು. ನಾನು ಅಮ್ಮನ ದಿಂಬಿನ ಮೇಲೆ ಮೊಬೈಲ್ ಇಟ್ಟು ಅಳೆಯುತ್ತಿದ್ದೆ. ಅಳೆಯಬೇಕಾದದ್ದು ಅಲ್ಲೇ.

2. ಬಿಸಿಯನ್ನೇ ಕಡಿಮೆ ಮಾಡಿ

ಫ್ಯಾನ್ ಜೋರಾಗಿ ತಿರುಗುವುದು ಒಳಗೆ ಬಿಸಿಯಿರುವುದರಿಂದ. ಸಿನಿಮಾ ನೋಡುವಾಗ ಬಿಸಿ ಹೆಚ್ಚಲು ಮುಖ್ಯ ಕಾರಣವೊಂದಿದೆ, ಅದನ್ನು ತಿಳಿದುಕೊಂಡರೆ ಅರ್ಧ ಸದ್ದು ಬಿಟ್ಟಿಯಾಗಿ ಹೋಗುತ್ತದೆ.

ವಿಡಿಯೊ ಕಡತವೆಂದರೆ ಹಿಂಡಿ ಮಡಚಿಟ್ಟ ಬಟ್ಟೆಯಿದ್ದಂತೆ. ಸೆಕೆಂಡಿಗೆ 24, 30 ಚಿತ್ರಗಳಂತೆ ಅದನ್ನು ಬಿಡಿಸುತ್ತಲೇ ಇರಬೇಕು. ಬಿಡಿಸಲಿಕ್ಕೆಂದೇ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿ ಒಂದು ಪುಟ್ಟ ಯಂತ್ರವಿರುತ್ತದೆ. ಅದು ಮಾಡಿದರೆ ಬಿಸಿಯೇ ಇಲ್ಲ. ಆ ಬಗೆಯ ಮಡಿಕೆ ಅದಕ್ಕೆ ಗೊತ್ತಿಲ್ಲದಿದ್ದರೆ ಇಡೀ ಪ್ರೊಸೆಸರ್ ಮೈಮುರಿದು ದುಡಿಯಬೇಕು, ಫ್ಯಾನ್ ಕಿರುಚಬೇಕು.

ಮಡಿಕೆಯ ಬಗೆಗಳಿಗೆ ಎಚ್.264, ಎಚ್.265, ವಿಪಿ9, ಎವಿ1 ಎಂದೆಲ್ಲ ಹೆಸರು. ಇಂಟೆಲ್ ಪ್ರೊಸೆಸರುಗಳ ಮಟ್ಟಿಗೆ ಲೆಕ್ಕ ಹೀಗಿದೆ. ನಾಲ್ಕನೆಯ ತಲೆಮಾರಿನದು ಎಚ್.264 ವಿಡಿಯೊವನ್ನು ಆರಾಮವಾಗಿ ಬಿಡಿಸುತ್ತದೆ, ಎಚ್.265 ಬಂದರೆ ಒದ್ದಾಡುತ್ತದೆ. ಆರನೆಯದಕ್ಕೆ 8 ಬಿಟ್‌ನ ಎಚ್.265 ಗೊತ್ತು. ಏಳನೆಯದಕ್ಕೆ 10 ಬಿಟ್‌ನದೂ, ಅಂದರೆ ಬಣ್ಣದ ಛಾಯೆಗಳು ಹೆಚ್ಚಿರುವುದೂ ಗೊತ್ತು, ಯೂಟ್ಯೂಬ್ ಬಳಸುವ ವಿಪಿ9 ಕೂಡ ಗೊತ್ತು. ಎವಿ1 ಎಂಬ ಹೊಸ ಬಗೆ ಗೊತ್ತಿರುವುದು ಹನ್ನೊಂದನೆಯ ತಲೆಮಾರಿನಿಂದೀಚೆಗೆ.

ಪರೀಕ್ಷಿಸುವುದು ಸುಲಭ. ವಿಡಿಯೊ ಓಡುತ್ತಿರುವಾಗ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಭಾಗ) ಒತ್ತಿ. ಅಲ್ಲಿ ವಿಡಿಯೊ ಡಿಕೋಡ್ ಎಂಬ ಗೆರೆ ಮೇಲೇಳುತ್ತಿದ್ದು ಸಿಪಿಯು (ಅಂದರೆ ಪ್ರೊಸೆಸರ್) ಶೇ. 10ರ ಆಸುಪಾಸಿನಲ್ಲಿ ತಣ್ಣಗಿದ್ದರೆ ಸರಿ. ಆ ಗೆರೆ ಮಲಗಿದ್ದು ಸಿಪಿಯು ಶೇ. 60, 70ಕ್ಕೆ ಏರಿದರೆ ತಪ್ಪು ಇಲ್ಲಿದೆ. ಪ್ಲೇಯರಿನ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಚಾಲೂ ಇದೆಯೇ ನೋಡಿ. ವಿಎಲ್‌ಸಿಯಲ್ಲೂ ಇದೆ, ಕೋಡಿಯಲ್ಲೂ ಇದೆ, ಬ್ರೌಸರಿನಲ್ಲೂ ಇದೆ. ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿದ್ದರೆ ಹೊಸದು ಹಾಕಿ.

ಯೂಟ್ಯೂಬಿನಲ್ಲಿ ಮಾತ್ರ ಫ್ಯಾನ್ ಕೂಗುತ್ತದೆ ಎನ್ನುವವರು ವಿಡಿಯೊದ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಒತ್ತಿ. ಯಾವ ಬಗೆಯ ವಿಡಿಯೊ ಬರುತ್ತಿದೆ ಎಂದು ಅಲ್ಲಿ ಕಾಣುತ್ತದೆ. ಹಳೆಯ ಪ್ರೊಸೆಸರ್‌ಗೆ ವಿಪಿ9 ಅಥವಾ ಎವಿ1 ಬರುತ್ತಿದ್ದರೆ, ಬ್ರೌಸರಿಗೆ ಎಚ್264ಇಫೈ ಎಂಬ ಪುಕ್ಕಟೆ ಎಕ್ಸ್‌ಟೆನ್ಷನ್ ಹಾಕಿ. ಯೂಟ್ಯೂಬ್ ಹಳೆಯ ಎಚ್.264 ವಿಡಿಯೊವನ್ನೇ ಕಳಿಸುತ್ತದೆ. ಆಗ 1080ಕ್ಕಿಂತ ಹೆಚ್ಚಿನ ಗುಣಮಟ್ಟ ಸಿಗುವುದಿಲ್ಲ, ಆದರೆ ಹತ್ತಡಿ ದೂರದ ಟಿವಿಗೆ 1080 ಧಾರಾಳ.

ಇನ್ನೊಂದು ಸೆಟ್ಟಿಂಗ್ ಎಲ್ಲರೂ ಮಾಡಿಕೊಳ್ಳಬೇಕಾದದ್ದು. ವಿಂಡೋಸಿನ ಪವರ್ ಆಪ್ಷನ್ಸ್ ಒಳಗೆ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್, ಅಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್, ಅಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್. 100 ಇದ್ದದ್ದನ್ನು 99 ಮಾಡಿ. ಒಂದು ಅಂಕಿ ಇಳಿಸಿದ್ದಕ್ಕೆ ಏನಾದೀತು ಎನಿಸಬಹುದು, ಆದರೆ ಆ ಒಂದು ಅಂಕಿಗೆ ಟರ್ಬೊ ನಿಂತುಹೋಗುತ್ತದೆ. ಟರ್ಬೊ ಎಂದರೆ ಪ್ರೊಸೆಸರ್ ಆಗಾಗ ದಾಪುಗಾಲು ಹಾಕಿ ಓಡುವುದು. ಸಿನಿಮಾ ನೋಡಲು ಆ ಓಟ ಬೇಕಿಲ್ಲ. ನಮ್ಮಲ್ಲಿ ಇದೊಂದರಿಂದಲೇ ಪ್ರೊಸೆಸರಿನ ಬಿಸಿ 9 ಡಿಗ್ರಿ ಇಳಿಯಿತು.

ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದು, ಮನೆಯಲ್ಲಿ ಗೇಮ್ ಆಡುವವರಿಲ್ಲದಿದ್ದರೆ, ಅದನ್ನು ಕಿತ್ತು ಮಾರಿಬಿಡಿ. ಕ್ಯಾಬಿನೆಟ್ಟಿನ ಅತಿ ಗದ್ದಲದ ಫ್ಯಾನ್ ಹೆಚ್ಚಾಗಿ ಅದರದ್ದೇ. ಮಾರುವ ಮೊದಲು ನಿಮ್ಮ ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಅಕ್ಷರವಿದ್ದರೆ ಇಲ್ಲವೆಂದೇ ಅರ್ಥ.

3. ಧೂಳು, ಪೇಸ್ಟು

ಮುಂಬಯಿಯ ಧೂಳು ಬರಿಯ ಮಣ್ಣಲ್ಲ. ಪಕ್ಕದಲ್ಲೊಂದು ಬಿಲ್ಡಿಂಗ್ ಏಳುತ್ತಲೇ ಇರುತ್ತದೆ, ಅದರ ಸಿಮೆಂಟು. ಸಮುದ್ರದ ತೇವ. ಮೇಲಿಂದ ಒಗ್ಗರಣೆಯ ಜಿಡ್ಡು, ಏಕೆಂದರೆ ಇಲ್ಲಿ ಅಡಿಗೆಮನೆಗೂ ಹಾಲ್‌ಗೂ ನಡುವೆ ಬಾಗಿಲೇ ಇರುವುದಿಲ್ಲ. ಎಲ್ಲ ಸೇರಿ ಹೀಟ್ ಸಿಂಕಿನ (ಪ್ರೊಸೆಸರಿನ ಬಿಸಿ ಹೀರುವ ಲೋಹದ ತುಂಡಿನ) ಎಸಳುಗಳ ನಡುವೆ ಕಂಬಳಿಯಂತೆ ಕೂರುತ್ತವೆ. ನಾನು ನಮ್ಮ ಪ್ರೊಸೆಸರ್ ಫ್ಯಾನನ್ನು ಬಿಚ್ಚಿದಾಗ ಅದರ ಅಡಿಯಲ್ಲಿ ಬೂದು ಬಣ್ಣದ, ದಪ್ಪ ರೊಟ್ಟಿಯಂಥ ಪದರ ಇಡಿಯಾಗಿ ಎದ್ದು ಬಂತು. ಅದರಾಚೆಗೆ ಗಾಳಿಯೇ ಹೋಗುತ್ತಿರಲಿಲ್ಲ. ಫ್ಯಾನ್ ಪಾಪ, ಗೋಡೆಗೆ ಬೀಸುತ್ತಿತ್ತು.

ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಉಳಿದ ಕರೆಂಟನ್ನು ಖಾಲಿ ಮಾಡಿ. ಒಳಗೆ ಕೈ ಹಾಕುವ ಮುನ್ನ ಕ್ಯಾಬಿನೆಟ್ಟಿನ ಬರಿಯ ತಗಡನ್ನು ಮುಟ್ಟಿ. ಮೂಗಿಗೆ ಬಟ್ಟೆ ಕಟ್ಟಿ, ಬಾಲ್ಕನಿಯಲ್ಲಿ ಬಿಡಿಸಿ. ಮೆತ್ತನೆಯ ಪೇಂಟ್ ಬ್ರಷ್ ಮತ್ತು ಕೈಯಲ್ಲಿ ಹಿಡಿಯುವ ಬ್ಲೋವರ್ ಸಾಕು. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಸಿಕ್ಕಾಪಟ್ಟೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡ.

ಕಂಪ್ಯೂಟರ್ ಕೊಂಡು ನಾಲ್ಕೈದು ವರ್ಷವಾಗಿದ್ದರೆ ಪ್ರೊಸೆಸರಿನ ಬಿಸಿಯನ್ನು ಹೀಟ್ ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಬದಲಿಸುವ ದಿನ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟನ್ನು ಬೆಚ್ಚಗೆ ಮಾಡಿಕೊಳ್ಳಿ. ಆಮೇಲೆ ಆಫ್ ಮಾಡಿ, ಹೀಟ್ ಸಿಂಕನ್ನು ಎತ್ತುವ ಮೊದಲು ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿ. ನೇರ ಎಳೆದರೆ ಹಳೆಯ ಎಎಂಡಿ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರೇ ಕಿತ್ತು ಬರುತ್ತದೆ, ಅದರ ಪಿನ್ನುಗಳು ಬಾಗುತ್ತವೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೊಸ ಪೇಸ್ಟು ನಡುವಿನಲ್ಲಿ ಒಂದು ತೊಗರಿಕಾಳಿನಷ್ಟು ಸಾಕು, ಒತ್ತಿದಾಗ ತಾನೇ ಹರಡುತ್ತದೆ. ದೋಸೆಗೆ ಬೆಣ್ಣೆ ಸವರಿದಂತೆ ದಪ್ಪಗೆ ಬಳಿದರೆ ಬಿಸಿ ದಾಟುವುದು ಕಷ್ಟವಾಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

4. ಫ್ಯಾನನ್ನು ನಿಧಾನಿಸಿ, ಆಮೇಲೆ ಬದಲಿಸಿ

ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧಕ್ಕಿಳಿಯುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಅರ್ಧ ಸದ್ದಾದಂತೆ ಕೇಳುತ್ತದೆ. ಗಾಳಿಯಲ್ಲಿ ಕಳೆದುಕೊಳ್ಳುವುದಕ್ಕಿಂತ ಮೌನದಲ್ಲಿ ಗಳಿಸುವುದು ಬಹಳ ಹೆಚ್ಚು. ಆದ್ದರಿಂದ ವೇಗವಾಗಿ ತಿರುಗುವ ಒಂದು ಸಣ್ಣ ಫ್ಯಾನಿಗಿಂತ ನಿಧಾನವಾಗಿ ತಿರುಗುವ ದೊಡ್ಡದು ಯಾವತ್ತೂ ಮೇಲು. 80 ಮಿಲಿಮೀಟರಿನದಕ್ಕಿಂತ 120 ಮಿಲಿಮೀಟರಿನದರ ವಿಸ್ತೀರ್ಣ ಎರಡೂಕಾಲು ಪಟ್ಟು.

ಬಯೋಸಿಗೆ, ಅಂದರೆ ವಿಂಡೋಸಿಗಿಂತ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋಗಿ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಹೆಚ್ಚಿನವುಗಳಲ್ಲಿ ತೆರೆಯುತ್ತದೆ. ಸ್ಮಾರ್ಟ್ ಫ್ಯಾನ್, ಫ್ಯಾನ್ ಕಂಟ್ರೋಲ್, ಹಾರ್ಡ್‌ವೇರ್ ಮಾನಿಟರ್, ಹೀಗೆ ಏನಾದರೊಂದು ಹೆಸರಿನಲ್ಲಿ ಫ್ಯಾನಿನ ಪುಟ ಇರುತ್ತದೆ. ನಾಲ್ಕು ಪಿನ್ನಿನ ಫ್ಯಾನಿಗೆ ಪಿಡಬ್ಲ್ಯೂಎಂ, ಮೂರು ಪಿನ್ನಿನದಕ್ಕೆ ಡಿಸಿ ಅಥವಾ ವೋಲ್ಟೇಜ್ ಎಂದು ಆರಿಸಿ. ಇದನ್ನು ತಪ್ಪು ಆರಿಸಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ಮೂರು ಪಿನ್ನಿನ ಫ್ಯಾನು ವರ್ಷಗಟ್ಟಲೆ ಪೂರ್ತಿ ವೇಗದಲ್ಲಿ ಓಡುತ್ತಿರುತ್ತದೆ.

ವೇಗದ ಗೆರೆಯನ್ನು ನಾನು ಹೀಗೆ ಹಾಕಿಕೊಂಡಿದ್ದೇನೆ: 60 ಡಿಗ್ರಿವರೆಗೆ ಶೇ. 25, ಅಲ್ಲಿಂದ 75 ಡಿಗ್ರಿಗೆ ಶೇ. 50, 85ಕ್ಕೆ ಪೂರ್ತಿ. 60ರವರೆಗೆ ಗೆರೆ ಸಪಾಟಾಗಿರುವುದು ಮುಖ್ಯ. ಒಂದೇ ಸಮ ಇರುವ ಸದ್ದನ್ನು ಕಿವಿ ಹತ್ತು ನಿಮಿಷದಲ್ಲಿ ಮರೆಯುತ್ತದೆ, ಏರಿಳಿಯುವುದನ್ನು ಮರೆಯುವುದೇ ಇಲ್ಲ. ನಿದ್ದೆ ಕೆಡಿಸುವುದು ಆ ಏರಿಳಿತ. ಬಯೋಸಿನಲ್ಲಿ ಸ್ಟೆಪ್ ಅಪ್ ಟೈಮ್ ಅಥವಾ ಡಿಲೇ ಎಂಬುದು ಇದ್ದರೆ ಅತಿ ಹೆಚ್ಚಿಗೆ ಇಡಿ. ಶೇ. 25ರಲ್ಲಿ ಕೆಲವು ಫ್ಯಾನುಗಳು ಶುರುವೇ ಆಗುವುದಿಲ್ಲ. ಹಾಗಾದರೆ 30, 35 ಎಂದು ಏರಿಸುತ್ತ ಹೋಗಿ, ಕಂಪ್ಯೂಟರನ್ನು ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿ ಪ್ರತಿ ಸಲವೂ ತಿರುಗಿತೆಂದು ನೋಡಿ.

ಈ ಹೊಂದಾಣಿಕೆಯನ್ನು ಮೇ ತಿಂಗಳಲ್ಲಿ ಮಾಡಿ, ಡಿಸೆಂಬರಿನಲ್ಲಿ ಬೇಡ. ಕೋಣೆ 10 ಡಿಗ್ರಿ ಬಿಸಿಯಾದರೆ ಒಳಗಿನ ಚಿಪ್ಪೂ ಸುಮಾರು ಅಷ್ಟೇ ಬಿಸಿಯಾಗುತ್ತದೆ. ಪುಣೆಯಲ್ಲಿರುವ ನನ್ನ ಭಾವ ಚಳಿಗಾಲದಲ್ಲಿ ಕೂತು ಚೆಂದವಾಗಿ ಹೊಂದಿಸಿದ್ದು ಏಪ್ರಿಲ್ ಬಂದೊಡನೆ ಮತ್ತೆ ಕೂಗತೊಡಗಿತು.

ಕಿರ್ ಕಿರ್ ಎನ್ನುವ ಸಾದಾ ಸ್ಲೀವ್ ಬೇರಿಂಗಿನ ಫ್ಯಾನನ್ನು ಎಸೆಯುವ ಮೊದಲು ಒಂದು ಸಲ ಎಣ್ಣೆ ಹಾಕಿ ನೋಡಿ. ನಡುವಿನ ಸ್ಟಿಕ್ಕರನ್ನು ಅರ್ಧ ಎತ್ತಿ, ಅಡಿಯಲ್ಲಿ ರಬ್ಬರ್ ಮುಚ್ಚಳವಿದ್ದರೆ ಅದನ್ನೂ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಚಳಿಗೆ ಹೆಪ್ಪುಗಟ್ಟುತ್ತದೆ. ಹಲವು ತಿಂಗಳು ಸುಮ್ಮನೆ ತಿರುಗೀತು.

ಹೊಸದು ಕೊಳ್ಳುವುದಾದರೆ 120 ಮಿಲಿಮೀಟರಿನ, ನಾಲ್ಕು ಪಿನ್ನಿನ, ಫ್ಲೂಯಿಡ್ ಬೇರಿಂಗಿನದನ್ನು ಕೇಳಿ. ಆರ್ಕ್ಟಿಕ್ ಪಿ12 ಥರದ್ದು ಸಾಕು. ನೋಕ್ಟುವಾ ಬಹಳ ಒಳ್ಳೆಯದು, ಆದರೆ ಅದರ ಬೆಲೆಗೆ ನಮ್ಮ ಈ ಲೆಕ್ಕಾಚಾರ ಹೊಂದುವುದಿಲ್ಲ. ಬಣ್ಣದ ದೀಪದ ಫ್ಯಾನ್ ಬೇಡ. ಹಿಂಬದಿಗೆ, ಗಾಳಿ ಹೊರಹೋಗುವಂತೆ ಒಂದನ್ನು ಹಾಕಿದರೆ ಸಿನಿಮಾ ಕಂಪ್ಯೂಟರಿಗೆ ಮುಗಿಯಿತು. ಕ್ಯಾಬಿನೆಟ್ಟಿನ ತಗಡಿಗೆ ಸ್ಕ್ರೂ ಹಾಕುವಾಗ ನಡುವೆ ಸೈಕಲ್ ಟ್ಯೂಬಿನ ಸಣ್ಣ ತುಂಡು ಇಟ್ಟರೆ ಫ್ಯಾನಿನ ನಡುಕ ತಗಡಿಗೆ ಇಳಿಯುವುದಿಲ್ಲ.

5. ಹಾರ್ಡ್ ಡಿಸ್ಕನ್ನು ಜೋಲಿಗೆ ಹಾಕಿ

ಅಮ್ಮನ "ಇನ್ನೊಂದು ಶ್ರುತಿ ಪೆಟ್ಟಿಗೆ"ಗೆ ಬಂದೆವು. ಈ ಕೆಲಸ ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು.

ಮೊದಲು ಒಂದು 256 ಜಿಬಿಯ ಎಸ್‌ಎಸ್‌ಡಿ ತಂದು ವಿಂಡೋಸನ್ನೂ ಪ್ಲೇಯರನ್ನೂ ಅದರೊಳಗೆ ಹಾಕಿ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸದ್ದೂ ಇಲ್ಲ. ನಾನು ಕೊಂಡಾಗ 1,500 ರೂಪಾಯಿ ಇತ್ತು, ಇದರ ಬೆಲೆ ಆಗಾಗ ಏರಿಳಿಯುತ್ತದೆ. ಆಗ ಹಾರ್ಡ್ ಡಿಸ್ಕು ಬರಿಯ ಉಗ್ರಾಣವಾಗುತ್ತದೆ. 20 ನಿಮಿಷ ಯಾರೂ ಕೇಳದಿದ್ದರೆ ಡಿಸ್ಕ್ ನಿಲ್ಲಬೇಕು ಎಂದು ಪವರ್ ಆಪ್ಷನ್ಸಿನಲ್ಲಿ ಹೇಳಿ. ಎರಡು ಮೂರು ನಿಮಿಷ ಎಂದು ಇಡಬೇಡಿ, ಪದೇ ಪದೇ ನಿಂತು ಹೊರಟರೆ ಡಿಸ್ಕಿನ ಆಯುಸ್ಸು ಸವೆಯುತ್ತದೆ. ಇಂದು ರಾತ್ರಿ ಕೇಳಬೇಕಾದ ಪ್ರಸಂಗವನ್ನು ಸಂಜೆಯೇ ಎಸ್‌ಎಸ್‌ಡಿಗೆ ನಕಲು ಮಾಡಿಟ್ಟರೆ ರಾತ್ರಿಯಿಡೀ ಹಾರ್ಡ್ ಡಿಸ್ಕ್ ಏಳುವುದೇ ಇಲ್ಲ. ಈಗ ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಮಗಳು ಅಜ್ಜಿಯನ್ನು ಕೇಳಿ ಇದೊಂದು ಕೆಲಸ ಮಾಡಿಟ್ಟು ಓದಲು ಕೂರುತ್ತಾಳೆ.

ಆದರೂ ಡಿಸ್ಕ್ ತಿರುಗಬೇಕಾದ ಹೊತ್ತು ಇದ್ದೇ ಇದೆ. ಡಿಸ್ಕಿನ ಸದ್ದು ಗಾಳಿಯಲ್ಲಿ ಬರುವುದಕ್ಕಿಂತ ಹೆಚ್ಚು ತಗಡಿನ ಮೂಲಕ ಬರುತ್ತದೆ. ಓಡುತ್ತಿರುವ ಡಿಸ್ಕನ್ನು ನೆಲಕ್ಕೆ ಸ್ಕ್ರೂ ಹೊಡೆದಂತೆ ಬಿಗಿದಿಟ್ಟರೆ ಇಡೀ ಕ್ಯಾಬಿನೆಟ್ಟು ಮದ್ದಳೆಯಾಗುತ್ತದೆ. ಬಿಗಿ ಬಿಡಿಸಿ ತೂಗುಹಾಕಿದರೆ ನಡುಕಕ್ಕೆ ದಾಟಲು ಹಾದಿಯೇ ಇಲ್ಲ.

ಹಳೆಯ ಕ್ಯಾಬಿನೆಟ್ಟುಗಳ ಮುಂಭಾಗದಲ್ಲಿ ಡಿವಿಡಿ ಡ್ರೈವಿನ ಗೂಡು ಇರುತ್ತದೆ. ಅದರ ಅಗಲ ಸುಮಾರು 146 ಮಿಲಿಮೀಟರ್, ಹಾರ್ಡ್ ಡಿಸ್ಕಿನದು 102. ಎರಡು ಬದಿಗೂ ಎರಡೆರಡು ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ತೂಗುಹಾಕಲು ಇಷ್ಟು ಜಾಗ ಬೇಕಾದಷ್ಟಾಯಿತು. ಮುಖ್ಯವಾದ ಕಡತಗಳ ಇನ್ನೊಂದು ಪ್ರತಿ ಬೇರೆ ಕಡೆ ಇದೆಯೆಂದು ನೋಡಿಕೊಂಡೇ ಡಿಸ್ಕಿಗೆ ಕೈ ಹಚ್ಚಿ.

ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಬೆರಳಗಲದ ಎಲಾಸ್ಟಿಕ್ ಎರಡು ಮೀಟರ್ ತನ್ನಿ. ಗೂಡಿನ ಎಡಗೋಡೆಯ ತೂತಿನಿಂದ ಬಲಗೋಡೆಯ ತೂತಿಗೆ ಎಳೆದು ಮತ್ತೆ ಹಿಂದಕ್ಕೆ ತಂದು ಗಂಟು ಹಾಕಿದರೆ ಒಂದು ಉಂಗುರವಾಗುತ್ತದೆ. ಮುಂದೊಂದು, ಹಿಂದೊಂದು, ಹೀಗೆ ಎರಡು ಉಂಗುರ ಕಟ್ಟಿ. ಪ್ರತಿ ಉಂಗುರದ ಒಂದೆಳೆ ಡಿಸ್ಕಿನ ಮೇಲೆ, ಒಂದೆಳೆ ಕೆಳಗೆ ಬರುವಂತೆ ಡಿಸ್ಕನ್ನು ನಡುವೆ ತೂರಿಸಿ. ಎಲಾಸ್ಟಿಕ್ ತೂತಿನ ಅಂಚಿಗೆ ಉಜ್ಜುವಲ್ಲಿ ಟೇಪು ಸುತ್ತಿ, ಇಲ್ಲದಿದ್ದರೆ ತಗಡು ಅದನ್ನು ಕೊಯ್ಯುತ್ತದೆ. ಡಿಸ್ಕ್ ಯಾವ ಬದಿಗೂ ತಾಗದೆ, ಬೆರಳಲ್ಲಿ ಒತ್ತಿದರೆ ಕೊಂಚ ಜಗ್ಗಿ ಮತ್ತೆ ಮೇಲೆ ಬರಬೇಕು. ಮಗುವಿನ ಜೋಲಿ ಹೇಗಿರುತ್ತದೋ ಹಾಗೆ. ಕೇಬಲ್ ಬಿಗಿಯಾಗಿದ್ದರೆ ನಡುಕ ಅದರ ಮೂಲಕವೇ ಇಳಿಯುತ್ತದೆ, ಸಡಿಲ ಬಿಟ್ಟು ಬಳುಕಿಸಿ.

ಮೊದಲ ಸಲ ಹೀಗೆ ಕಟ್ಟಿ ಆನ್ ಮಾಡಿದಾಗ ನಾನು ಶೋಕೇಸಿನ ಹಲಗೆಯ ಮೇಲೆ ಅಂಗೈ ಇಟ್ಟು ಕಾದೆ. ಏನೂ ಇಲ್ಲ. ಡಿಸ್ಕ್ ನಿಂತಿದೆಯೋ ಎಂದು ಅನುಮಾನ ಬಂದು ಪಕ್ಕದ ತಗಡು ತೆಗೆದು ಡಿಸ್ಕಿನ ಮೇಲೆಯೇ ಬೆರಳಿಟ್ಟೆ. ಬೆರಳಿನಡಿಯಲ್ಲಿ ಅದೇ ನಡುಕ ಜೀವಂತವಾಗಿತ್ತು, ಹಲಗೆಗೆ ಮಾತ್ರ ತಲುಪುತ್ತಿರಲಿಲ್ಲ.

ಜೋಪಾನ ಮಾಡಬೇಕಾದದ್ದೂ ಇದೆ. ತಗಡಿಗೆ ತಾಗದ ಡಿಸ್ಕು ತಣ್ಣಗಾಗಲು ಗಾಳಿಯೊಂದೇ ದಿಕ್ಕು, ಆದ್ದರಿಂದ ಮುಂಭಾಗದ ತೂತುಗಳು ತೆರೆದಿರಲಿ. ಡಿಸ್ಕಿನ ಬಿಸಿ 45 ಡಿಗ್ರಿಯ ಒಳಗಿದ್ದರೆ ನೆಮ್ಮದಿ, 50 ದಾಟಬಾರದು. ಎಚ್‌ಡಬ್ಲ್ಯೂಇನ್ಫೊ ಎಂಬ ಪುಕ್ಕಟೆ ತಂತ್ರಾಂಶ ತೋರಿಸುತ್ತದೆ. ಆರು ತಿಂಗಳಿಗೊಮ್ಮೆ ಎಲಾಸ್ಟಿಕ್ ಜಗ್ಗಿದೆಯೇ ನೋಡಿ. ಮನೆ ಬದಲಿಸುವಾಗ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಕೈಯಲ್ಲೇ ಒಯ್ಯಿರಿ.

ನಿಮ್ಮ ಕ್ಯಾಬಿನೆಟ್ಟಿನಲ್ಲಿ ಆ ಗೂಡು ಇಲ್ಲದಿದ್ದರೆ ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕತ್ತರಿಸಿ ನಾಲ್ಕು ಮೂಲೆಗೆ ಇಟ್ಟು ಡಿಸ್ಕನ್ನು ಕ್ಯಾಬಿನೆಟ್ಟಿನ ತಳದಲ್ಲಿ ಕೂರಿಸಿ. ಜೋಲಿಯಷ್ಟಲ್ಲದಿದ್ದರೂ ಗುಣ ಕಾಣುತ್ತದೆ.

6. ಎಸ್‌ಎಂಪಿಎಸ್

ಇಲ್ಲಿ ಒಂದೇ ಮಾತು: ಅದನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಹೊರಗಿನಿಂದ ಬ್ರಷ್ಷು, ಬ್ಲೋವರು, ಅಷ್ಟಕ್ಕೇ ನಿಲ್ಲಿಸಿ. ಕ್ಯಾಬಿನೆಟ್ಟಿನ ಜೊತೆ ಬಿಟ್ಟಿಯಾಗಿ ಬಂದ, ಹಿಂದೆ 80 ಮಿಲಿಮೀಟರಿನ ಫ್ಯಾನಿರುವ ಎಸ್‌ಎಂಪಿಎಸ್ ಕೂಗುತ್ತಿದ್ದರೆ, 120 ಮಿಲಿಮೀಟರಿನ ಫ್ಯಾನಿರುವ, 80 ಪ್ಲಸ್ ಗುರುತಿರುವ (ಕರೆಂಟು ಕಡಿಮೆ ಪೋಲುಮಾಡುವ) ಹೊಸದನ್ನು ತನ್ನಿ. 450 ವ್ಯಾಟಿನದು ಧಾರಾಳ, ಅದಕ್ಕಿಂತ ದೊಡ್ಡದಕ್ಕೆ ದುಡ್ಡು ಸುರಿಯಬೇಡಿ. ನನಗೆ 2,200 ರೂಪಾಯಿ ಬಿತ್ತು, ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಇದರದ್ದೇ. ಕಾಯಿಲ್‌ಗಳ ಸೊಳ್ಳೆ ಕೀರಲು ಎಸ್‌ಎಂಪಿಎಸ್‌ನಿಂದ ಬರುತ್ತಿದ್ದರೂ ಇದೇ ಮದ್ದು.

7. ಪೆಟ್ಟಿಗೆ ಇಡುವ ಜಾಗ

ಕ್ಯಾಬಿನೆಟ್ಟಿನ ಅಡಿಗೆ ಅದೇ ಚಪ್ಪಲಿ ಅಟ್ಟೆಯ ನಾಲ್ಕು ತುಂಡು. ಗೋಡೆಗೆ ತಾಗಬಾರದು, ಹಿಂದೆ ಒಂದು ಗೇಣು ಬಿಡಿ. ಬಾಗಿಲಿರುವ ಗೂಡಿನಲ್ಲಿ ಮುಚ್ಚಿಟ್ಟರೆ ಅದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಕುಡಿದು ಫ್ಯಾನ್ ಏರುತ್ತದೆ. ಶೋಕೇಸಿನ ಹಿಂದಿನ ಪ್ಲೈವುಡ್ಡಿನಲ್ಲಿ ಅಂಗೈಯಗಲದ ತೂತು ಕೊರೆಸಿಕೊಳ್ಳಿ.

ಒಳಗೆ ಸ್ಪಂಜು ಅಂಟಿಸುವ ಯೋಚನೆ ಎಲ್ಲರಿಗೂ ಬರುತ್ತದೆ. ನನಗೂ ಬಂತು. ಗಾದಿ ಅಂಗಡಿಯಿಂದ ಸ್ಪಂಜು ತಂದು ಒಳಗೋಡೆಗೆಲ್ಲ ಅಂಟಿಸಿದೆ. ಮೇ ತಿಂಗಳ ಮಧ್ಯಾಹ್ನ ಡಿಸ್ಕಿನ ಬಿಸಿ 44ರಿಂದ 55ಕ್ಕೇರಿತು, ಫ್ಯಾನು ಮೊದಲಿಗಿಂತ ಜೋರಾಯಿತು. ಅಂದೇ ಸಂಜೆ ಕಿತ್ತೆ. ಗಾದಿಯ ಸ್ಪಂಜು ಸುಲಭವಾಗಿ ಹೊತ್ತಿಕೊಳ್ಳುವಂಥದ್ದು ಕೂಡ, ಕರೆಂಟಿನ ಪೆಟ್ಟಿಗೆಯೊಳಗೆ ಅದಕ್ಕೆ ಜಾಗವಿಲ್ಲ.

ದೂರವೂ ಒಂದು ಮದ್ದು. ಹಾಲ್‌ನಿಂದ ಒಳಗೆ ಹೋಗುವ ಪ್ಯಾಸೇಜಿನ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟು 10 ಮೀಟರಿನ ಎಚ್‌ಡಿಎಂಐ ಕೇಬಲ್ ಎಳೆದರೆ 1080ರ ಚಿತ್ರ ಸಾಮಾನ್ಯವಾಗಿ ಸರಿಯಾಗಿ ಬರುತ್ತದೆ. 4ಕೆ ಬೇಕಾದವರಿಗೆ ಅಷ್ಟುದ್ದದ ಸಾದಾ ಕೇಬಲ್ಲಿನ ಭರವಸೆ ಇಲ್ಲ. ಬಾಲ್ಕನಿಯಲ್ಲಿ ಮಾತ್ರ ಇಡಬೇಡಿ. ಜೂನ್ ಹತ್ತಿರವಾದರೆ ನಮ್ಮ ಗಾಳಿಯಲ್ಲಿ ನೀರೇ ತೇಲುತ್ತಿರುತ್ತದೆ.

8. ಹೊಸದಾಗಿ ತರುವವರಿಗೆ

ಇನ್ನೂ ಕಂಪ್ಯೂಟರ್ ಇಲ್ಲದವರು ಮೇಲಿನ ಯಾವ ಕಷ್ಟವನ್ನೂ ಪಡಬೇಕಿಲ್ಲ. ಆಫೀಸುಗಳು ನಾಲ್ಕೈದು ವರ್ಷ ಬಳಸಿ ಬಿಟ್ಟ, ನಿಘಂಟಿನ ಗಾತ್ರದ ಮಿನಿ ಕಂಪ್ಯೂಟರುಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ: ಲೆನೊವೊದ ಥಿಂಕ್‌ಸೆಂಟರ್ ಟೈನಿ, ಡೆಲ್ಲಿನ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿಯ ಎಲೈಟ್‌ಡೆಸ್ಕ್ ಮಿನಿ. ಪ್ರೊಸೆಸರಿನ ಹೆಸರಿನ ಕೊನೆಗೆ ಟಿ ಅಕ್ಷರ ಇರಲಿ, ಅವು ಸಾಮಾನ್ಯವಾಗಿ 35 ವ್ಯಾಟಿನವು. ಏಳನೆಯ ತಲೆಮಾರಿಗಿಂತ ಹಳೆಯದು ಬೇಡ. ಎಂಟನೆಯದಾದರೆ ಇನ್ನೂ ಒಳ್ಳೆಯದು, ವಿಂಡೋಸ್ 11 ಅಧಿಕೃತವಾಗಿ ಓಡುವುದು ಅಲ್ಲಿಂದ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರವೇ ಇದ್ದರೆ ಲಿಬ್ರೆಎಲೆಕ್ ಹಾಕಿ. ಅದು ಕೋಡಿಯನ್ನಷ್ಟೇ ಓಡಿಸುವ ಪುಟ್ಟ ಲಿನಕ್ಸ್, ಪುಕ್ಕಟೆ.

ಕೊಳ್ಳಲು ಮುಂಬಯಿಯ ಕಂಪ್ಯೂಟರ್ ಸಾಮಾನಿನ ಪೇಟೆ ಲ್ಯಾಮಿಂಗ್ಟನ್ ರೋಡ್, ಹತ್ತಿರದ ಸ್ಟೇಷನ್ ಗ್ರ್ಯಾಂಟ್ ರೋಡ್. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದಿರುತ್ತದೆ, ಕರೆಯುವುದು ಹಳೆಯ ಹೆಸರಿನಿಂದಲೇ. ದಾದರಿನಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಸ್ಲೋ ಗಾಡಿ ಹತ್ತಿ. ಫಾಸ್ಟ್ ಗಾಡಿ ಸಾಮಾನ್ಯವಾಗಿ ಗ್ರ್ಯಾಂಟ್ ರೋಡಿಗೆ ನಿಲ್ಲುವುದಿಲ್ಲ. ಪೂರ್ವಕ್ಕಿಳಿದು ನಡೆದರೆ ಆಯಿತು. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಅಂಗಡಿಯಲ್ಲೇ ಆನ್ ಮಾಡಿಸಿ, ಗದ್ದಲದಲ್ಲಿ ಕೇಳದೆ ಹೋದರೆ ಮೇಲ್ಮೈಗೆ ಕಿವಿ ಹಚ್ಚಿ ಫ್ಯಾನ್ ಕಿರ್ ಎನ್ನುತ್ತಿಲ್ಲವೆಂದು ನೋಡಿ. ಅಡಾಪ್ಟರ್ ಆ ಕಂಪನಿಯದ್ದೇ ಇರಲಿ. ಟೆಸ್ಟಿಂಗ್ ವಾರಂಟಿ ಎಷ್ಟು ದಿನ ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ನಾನು ಬಾಯಿಮಾತು ನಂಬಿ ತಂದ "ಸೈಲೆಂಟ್" ಫ್ಯಾನೊಂದು ಎಂಟನೆಯ ದಿನಕ್ಕೆ ಟಕಟಕಿಸಿದಾಗ ಅಂಗಡಿಯವನು ಏಳೇ ದಿನ ಎಂದುಬಿಟ್ಟ.

9. ಎಲ್ಲಿ ನಿಲ್ಲಿಸಬೇಕು

ಎಲ್ಲ ಮುಗಿದ ಮೇಲೆ ಮಧ್ಯಾಹ್ನದ ಸುಡುಹೊತ್ತಿನಲ್ಲಿ ಎರಡೂವರೆ ಗಂಟೆಯ ಸಿನಿಮಾ ಒಂದನ್ನು ಪೂರ್ತಿ ಓಡಿಸಿ. ಪ್ರೊಸೆಸರ್ 75 ಡಿಗ್ರಿ, ಡಿಸ್ಕ್ 45ರ ಒಳಗೆ ಉಳಿದರೆ ಗೆದ್ದಂತೆ. ಹೆಚ್ಚಾದರೆ ಫ್ಯಾನನ್ನು ಶೇ. 5 ಏರಿಸಿ ಇನ್ನೊಮ್ಮೆ ನೋಡಿ.

ಆಮೇಲೆ ರಾತ್ರಿ ಸೀಲಿಂಗ್ ಫ್ಯಾನನ್ನು ಎರಡರಲ್ಲಿಟ್ಟು ಮಲಗುವವರ ಜಾಗದಲ್ಲಿ ಮಲಗಿ ಕೇಳಿ. ಕಂಪ್ಯೂಟರ್ ಕೇಳಿಸದಿದ್ದರೆ ಇನ್ನು ಒಂದು ರೂಪಾಯಿಯೂ ಹಾಕಬೇಡಿ. ಇಷ್ಟು ದಿನ ಗೊತ್ತೇ ಇರದ ಫ್ರಿಜ್ಜಿನ ಗುಂಯ್, ಫ್ಯಾನ್ ರೆಗ್ಯುಲೇಟರಿನ ಜಿರಿಜಿರಿ ಈಗ ಕೇಳತೊಡಗುತ್ತವೆ. ಅವುಗಳ ಮದ್ದು ಈ ಪೆಟ್ಟಿಗೆಯಲ್ಲಿಲ್ಲ.

ಮಳೆಗಾಲದಲ್ಲಿ ವಾರಕ್ಕೆ ಎರಡು ಸಲವಾದರೂ ಒಂದೊಂದು ಗಂಟೆ ಆನ್ ಮಾಡಿಡಿ, ಒಳಗಿನ ತೇವ ಆರುತ್ತದೆ. ಊರಿಗೆ ಹೋಗುವಾಗ ಪ್ಲಗ್ ಕಿತ್ತು, ಹಿಂದಿನ ತೂತುಗಳಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿ ಹೋಗಿ, ಜಿರಳೆಗೆ ಬೆಚ್ಚನೆಯ ಕತ್ತಲೆ ಬಹಳ ಇಷ್ಟ. ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿಯ ಮನೆ ತೊಳೆಯುವಾಗ ಇನ್ನೊಮ್ಮೆ ಧೂಳು ಹೊಡೆಯಿರಿ. ಪೇಸ್ಟ್ ಹಾಕಿದ್ದು, ಫ್ಯಾನಿಗೆ ಎಣ್ಣೆ ಬಿಟ್ಟದ್ದು, ಎಲಾಸ್ಟಿಕ್ ಬದಲಿಸಿದ್ದು, ಮೂರರ ತಾರೀಕನ್ನೂ ಒಂದು ಚೀಟಿಯಲ್ಲಿ ಬರೆದು ಪಕ್ಕದ ತಗಡಿನ ಒಳಮೈಗೆ ಅಂಟಿಸಿಡಿ. ಮುಂದಿನ ಸಲ ಬಿಚ್ಚಿದಾಗ ಮೊದಲು ಕಣ್ಣಿಗೆ ಬೀಳುವುದು ಅದೇ.